ವೆಬ್ ಕಟ್ಟೆ: ಭಾರದ ಫೋಟೊ, ಕತ್ತರಿಸಿದ ಒತ್ತು, ಕಡಲಿಗೆ ಬಿದ್ದ ಕೋಟೆ

ವೆಬ್‌ಸೈಟ್ ಮಾಡುವವರ ಈ ಸಲದ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದವು. ಒಂದೇ ತೊಂದರೆಯ ಪತ್ರಗಳನ್ನು ಕೂಡಿಸಿಕೊಂಡಿದ್ದೇವೆ. ಡೊಮೈನ್ ಹೆಸರೊಂದನ್ನು ಬಿಟ್ಟರೆ ಇಲ್ಲಿ ಹೇಳಿರುವ ಕೆಲಸ ಯಾವುದಕ್ಕೂ ದುಡ್ಡು ಬಿಚ್ಚಬೇಕಿಲ್ಲ.

ಪ್ರಶ್ನೆ: ನಮ್ಮದು ಬೆಣ್ಣೆದೋಸೆ ಹೋಟೆಲು. ಫೋನಿನಲ್ಲಿ ತೆಗೆದ 9 ಫೋಟೊಗಳನ್ನು ಹಾಗೇ ವೆಬ್‌ಸೈಟಿಗೆ ಏರಿಸಿದ್ದೇವೆ. ಹೋಟೆಲಿನ ವೈಫೈನಲ್ಲಿ ಥಟ್ಟನೆ ತೆರೆಯುತ್ತೆ. ಗಿರಾಕಿಗಳು ಮಾತ್ರ ಬರೀ ಬಿಳಿ ಪುಟ ಕಾಣುತ್ತೆ ಅಂತಾರೆ. — ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಗಿರಾಕಿಗಳು ಹೇಳುವುದೇ ಸರಿ. ನಿಮ್ಮ ಬ್ರೌಸರ್ ಆ ಫೋಟೊಗಳನ್ನು ಮೊದಲೇ ಕೂಡಿಟ್ಟುಕೊಂಡಿದೆ, ಹಾಗಾಗಿ ನಿಮಗೆ ಬೇಗ ಕಾಣುತ್ತದೆ. ಹೊಸಬರಿಗೆ ಹೇಗೆ ಕಾಣುತ್ತದೆಂದು ನೋಡಲು ಕ್ರೋಮ್‌ನಲ್ಲಿ ಪುಟ ತೆರೆದು ಎಫ್12 ಒತ್ತಿ. ನೆಟ್‌ವರ್ಕ್ ಎಂಬಲ್ಲಿ ಹೋಗಿ ‘ಡಿಸೇಬಲ್ ಕ್ಯಾಶ್’ಗೆ ಗುರುತು ಹಾಕಿ, ಪಕ್ಕದ ಪಟ್ಟಿಯಲ್ಲಿ ‘ಸ್ಲೋ 4ಜಿ’ ಆರಿಸಿ, ಪುಟವನ್ನು ಮತ್ತೆ ತೆರೆಯಿರಿ. ಕೆಳಗಿನ ಸಾಲಿನಲ್ಲಿ ಒಟ್ಟು ಎಷ್ಟು ಎಂಬಿ ಇಳಿಯಿತು, ಎಷ್ಟು ಸೆಕೆಂಡ್ ಹಿಡಿಯಿತು ಎಂಬುದು ಬರುತ್ತದೆ.

ಲೆಕ್ಕ ಹೀಗಿದೆ. 12 ಮೆಗಾಪಿಕ್ಸೆಲ್ ಫೋಟೊ 4000 × 3000 ಚುಕ್ಕಿಗಳದ್ದು. ಒಂದೊಂದು 4 ಎಂಬಿ ಅಂದುಕೊಂಡರೂ 9 ಸೇರಿ 36 ಎಂಬಿ. ಗೂಗಲ್‌ನ ಲೈಟ್‌ಹೌಸ್ ಪರೀಕ್ಷೆ ಮೊಬೈಲ್ ಜಾಲದ ವೇಗವನ್ನು ಸೆಕೆಂಡಿಗೆ 1.6 ಮೆಗಾಬಿಟ್ ಎಂದು ಹಿಡಿಯುತ್ತದೆ, ಅಂದರೆ ಸುಮಾರು 200 ಕೆಬಿ. ಆ ವೇಗದಲ್ಲಿ 36 ಎಂಬಿ ಇಳಿಯಲು ಮೂರು ನಿಮಿಷ ಬೇಕು. ಅಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಸೀದು ಹೋಗಿರುತ್ತದೆ.

ಫೋನಿನ ಪರದೆಯ ಅಗಲ ಸಾಮಾನ್ಯವಾಗಿ 1080 ಚುಕ್ಕಿ. ಆದ್ದರಿಂದ 1200 ಅಗಲದ ಚಿತ್ರ ಧಾರಾಳವಾಯಿತು. ಸ್ಕ್ವೂಶ್ ಎಂಬ ಸಲಕರಣೆಯನ್ನು ಬ್ರೌಸರಿನಲ್ಲೇ ತೆರೆಯಿರಿ. ಫೋಟೊವನ್ನು ಅದರ ಮೇಲೆ ಎಳೆದು ಹಾಕಿ, ರೀಸೈಜ್ ಆನ್ ಮಾಡಿ ಅಗಲ 1200 ಎಂದು ಕೊಡಿ, ಬಗೆ ವೆಬ್‌ಪಿ, ಗುಣಮಟ್ಟ 75. ಸಾಮಾನ್ಯವಾಗಿ 100ರಿಂದ 200 ಕೆಬಿಗೆ ಬಂದು ನಿಲ್ಲುತ್ತದೆ. ಗುಣಮಟ್ಟವನ್ನು 50ಕ್ಕಿಂತ ಕೆಳಗೆ ಒಯ್ದರೆ ಚಟ್ನಿಯ ಬಿಳುಪಿನಂಥ ನುಣುಪು ಜಾಗಗಳಲ್ಲಿ ಚೌಕಳಿ ಮೂಡುತ್ತದೆ, ಹುಷಾರು. ಸ್ಕ್ವೂಶ್ ಕೆಲಸ ಮಾಡುವುದು ನಿಮ್ಮ ಕಂಪ್ಯೂಟರಿನೊಳಗೇ. ಫೋಟೊ ಹೊರಗೆ ಹೋಗುವುದಿಲ್ಲ. ನೂರಾರು ಫೋಟೊ ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಇಮೇಜ್‌ಮ್ಯಾಜಿಕ್ ಒಳ್ಳೆಯದು. ಆದರೆ ಅದರ ‘ಮೊಗ್ರಿಫೈ’ ಆಜ್ಞೆ ಮೂಲ ಕಡತದ ಮೇಲೆಯೇ ಬರೆದುಬಿಡುತ್ತದೆ. ಮೊದಲು ಫೋಲ್ಡರಿನ ನಕಲು ತೆಗೆದಿಟ್ಟುಕೊಳ್ಳಿ.

ಐಫೋನಿನಲ್ಲಿ ತೆಗೆದವು ಎಚ್‌ಇಐಸಿ ಬಗೆಯಲ್ಲಿದ್ದರೆ ಕ್ರೋಮ್ ಅವನ್ನು ತೋರಿಸುವುದೇ ಇಲ್ಲ. ಅವನ್ನು ಬೇರೆ ಬಗೆಗೆ ತಂದೇ ಏರಿಸಬೇಕು.

ಚಿತ್ರ ಹಗುರಾದ ಮೇಲೆ ಎರಡು ಕೆಲಸ ಉಳಿಯುತ್ತವೆ. ಪ್ರತಿ ಚಿತ್ರದ ಟ್ಯಾಗ್‌ನಲ್ಲಿ ಅಗಲ, ಎತ್ತರ ಎರಡನ್ನೂ ಬರೆಯಿರಿ. ಬರೆಯದಿದ್ದರೆ ಚಿತ್ರ ಬಂದಾಗ ಕೆಳಗಿನ ಸಾಲುಗಳು ಜಿಗಿಯುತ್ತವೆ, ‘ಫೋನ್ ಮಾಡಿ’ ಎಂಬುದನ್ನು ಒತ್ತಲು ಹೋದವರು ಇನ್ನೇನನ್ನೋ ಒತ್ತುತ್ತಾರೆ. ಕೆಳಗಿನ ಚಿತ್ರಗಳಿಗೆ ‘ಲೋಡಿಂಗ್ ಲೇಜಿ’ (ಹತ್ತಿರ ಬಂದಾಗಷ್ಟೇ ಇಳಿಸು ಎಂಬ ಸೂಚನೆ) ಹಾಕಿ, ಮೇಲಿನ ಮೊದಲ ದೊಡ್ಡ ಚಿತ್ರಕ್ಕೆ ಮಾತ್ರ ಹಾಕಬೇಡಿ. ಎಲ್ಲಕ್ಕೂ ಹಾಕಿಬಿಡುವುದು ತುಂಬ ಮಂದಿ ಮಾಡುವ ತಪ್ಪು. ಮೊದಲು ಕಾಣಬೇಕಾದ ಚಿತ್ರವೇ ಆಗ ಕೊನೆಗೆ ಬರುತ್ತದೆ. ಆಮೇಲೆ ಗೂಗಲ್‌ನ ವೇಗಪರೀಕ್ಷೆಯ ತಾಣ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನೋಡಿ: ದೊಡ್ಡ ಭಾಗ ಕಾಣಲು 2.5 ಸೆಕೆಂಡಿನ ಒಳಗೆ, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನ ಒಳಗೆ, ಜಿಗಿತದ ಅಂಕಿ 0.1ರ ಒಳಗೆ ಇದ್ದರೆ ಸಾಕು. ನೂರಕ್ಕೆ ನೂರು ಅಂಕ ಬರಲಿಲ್ಲವೆಂದು ರಾತ್ರಿ ನಿದ್ದೆಗೆಡಬೇಡಿ.

ಇನ್ನೊಂದು ಮಾತು, ನೀವು ಕೇಳದೇ ಇದ್ದದ್ದು. ದರಪಟ್ಟಿಯನ್ನೂ ಫೋಟೊ ಮಾಡಿ ಹಾಕಿದ್ದೀರಿ. ಅದನ್ನು ಅಕ್ಷರದಲ್ಲೇ ಬರೆಯಿರಿ. ಬೆಲೆ ಬದಲಾದಾಗ ಒಂದು ಅಂಕಿ ತಿದ್ದಿದರೆ ಮುಗಿಯಿತು, ‘ಖಾಲಿ ದೋಸೆ’ ಎಂದು ಹುಡುಕುವವರಿಗೂ ಪುಟ ಸಿಗುತ್ತದೆ.

ಪ್ರಶ್ನೆ: ಕನ್ನಡ ಶೀರ್ಷಿಕೆಗಳಲ್ಲಿ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗುತ್ತಿದೆ. ಇಂಗ್ಲಿಷ್ ಟೆಂಪ್ಲೇಟ್ ತಂದು ಕನ್ನಡ ತುಂಬಿಸಿದ್ದು. ಯಾವ ಫಾಂಟ್ ಹಾಕಲಿ? — ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಫಾಂಟ್ ಬದಲಿಸುವ ಮೊದಲು ಟೆಂಪ್ಲೇಟನ್ನು ವಿಚಾರಿಸಿಕೊಳ್ಳಿ. ಬಹಳ ಟೆಂಪ್ಲೇಟುಗಳಿಗೆ ತಳಹದಿಯಾದ ಬೂಟ್‌ಸ್ಟ್ರಾಪ್‌ನಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಮಾತ್ರ. ಇಂಗ್ಲಿಷಿಗೆ ಅದು ಅಂದ, ನಮ್ಮ ‘ರಾಷ್ಟ್ರ’, ‘ಸ್ತ್ರೀ’ಗಳಿಗೆ ಇಕ್ಕಟ್ಟು. ಒತ್ತಿನ ಕೆಳಗೆ ಇನ್ನೊಂದು ಒತ್ತು ಕೂರಬೇಕಲ್ಲ. ಶೀರ್ಷಿಕೆಗೆ 1.5, ಬರಹಕ್ಕೆ 1.7 ಇಡಿ. ಪೆಟ್ಟಿಗೆಗೆ ‘ಓವರ್‌ಫ್ಲೋ ಹಿಡನ್’ ಕೊಟ್ಟಿದ್ದರೆ ತೆಗೆಯಿರಿ. ಒತ್ತಿನ ತುದಿಯನ್ನು ಕತ್ತರಿಸುವುದು ಬಹುಮಟ್ಟಿಗೆ ಅದೇ. ಇಂಗ್ಲಿಷಿಗೆ 16 ಪಿಕ್ಸೆಲ್ ಸಾಕಾದರೆ ಕನ್ನಡಕ್ಕೆ 18 ಕೊಡಿ.

ಅಕ್ಷರಗಳ ನಡುವಿನ ಅಂತರವನ್ನು, ಅಂದರೆ ‘ಲೆಟರ್ ಸ್ಪೇಸಿಂಗ್’ ಅನ್ನು, ಕನ್ನಡದ ಭಾಗಕ್ಕೆ ‘ನಾರ್ಮಲ್’ ಮಾಡಿ. ಟೆಂಪ್ಲೇಟಿನವರು ಇಂಗ್ಲಿಷ್ ದೊಡ್ಡಕ್ಷರಗಳಿಗೆಂದು ಹಾಕಿದ ಅಂತರ ಕನ್ನಡ ಪದವನ್ನು ಹಲ್ಲು ಉದುರಿದಂತೆ ಮಾಡುತ್ತದೆ. ಇಟಾಲಿಕ್ ಕೂಡ ಬೇಡ. ಬಹಳಷ್ಟು ಕನ್ನಡ ಫಾಂಟುಗಳಲ್ಲಿ ಅದು ಇಲ್ಲ. ಬ್ರೌಸರ್ ಅಕ್ಷರವನ್ನು ಸುಮ್ಮನೆ ಓರೆ ಮಾಡಿ ನಿಲ್ಲಿಸುತ್ತದೆ.

ಫಾಂಟಿನ ವಿಷಯಕ್ಕೆ ಬಂದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೊ ಕನ್ನಡ, ಬಾಲೂ ತಮ್ಮ 2, ಹುಬ್ಬಳ್ಳಿ ಇವೆ. ‘ಬೆಣ್ಣೆ’ ಎಂಬ ಹೆಸರಿನದೂ ಒಂದಿದೆ, ದಾವಣಗೆರೆಯವರ ಗಮನಕ್ಕೆ. ಉದ್ದ ಬರಹಕ್ಕೆ ನಮ್ಮ ಮತ ನೋಟೊ ಸೆರಿಫ್‌ಗೆ, ಗುಂಡಿ ಮತ್ತು ಪಟ್ಟಿಗಳಿಗೆ ಅನೇಕ್. ಬಾಲೂ ತಮ್ಮವನ್ನು ಶೀರ್ಷಿಕೆಗೆ ಮಾತ್ರ ಬಳಸಿ. ಬೆಣ್ಣೆ ಫಾಂಟಿಗೆ ಒಂದೇ ತೂಕ, ಅಂದರೆ ಅಕ್ಷರದ ದಪ್ಪ ಒಂದೇ. ದಪ್ಪ ಮಾಡಲು ಹೋದರೆ ಬ್ರೌಸರ್ ಸುಳ್ಳು ದಪ್ಪ ಬಳಿಯುತ್ತದೆ, ಒತ್ತುಗಳ ಸಂದು ಮುಚ್ಚಿಹೋಗುತ್ತದೆ.

ಫಾಂಟ್ ಕಡತವನ್ನು ನಿಮ್ಮ ತಾಣದಲ್ಲೇ ಇಟ್ಟುಕೊಳ್ಳಬಹುದು, ಅವುಗಳ ಪರವಾನಗಿ ಅದಕ್ಕೆ ಒಪ್ಪುತ್ತದೆ. ಹಗುರ ಮಾಡಲು ಫಾಂಟ್‌ಟೂಲ್ಸ್ ಎಂಬ ಸಲಕರಣೆ ಬಳಸಿ ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ವೆಬ್ ಫಾಂಟಿನ ವಾಫ್2 ಬಗೆಗೆ ತನ್ನಿ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಮನೆ 0ಸಿ80ರಿಂದ 0ಸಿಎಫ್‌ಎಫ್ ವರೆಗೆ. ಅದಷ್ಟನ್ನೇ ಕೊಟ್ಟು ಕೈ ತೊಳೆದುಕೊಂಡರೆ ಎಡವಟ್ಟು. ಅಕ್ಷರಗಳನ್ನು ಬಿಡಿಸುವ, ಕೂಡಿಸುವ, ಕಣ್ಣಿಗೆ ಕಾಣದ ಸಂಕೇತಗಳಾದ 200ಸಿ ಮತ್ತು 200ಡಿ ಕೂಡ ಬೇಕು, ‘ವೆಬ್‌ಸೈಟ್’ ಎಂಬಲ್ಲಿ ‘ಬ್’ಗೆ ‘ಸ’ ಒತ್ತಾಗಿ ಅಂಟದಂತೆ ತಡೆಯುವುದು ಅದೇ 200ಸಿ. ರೂಪಾಯಿ ಚಿಹ್ನೆ 20ಬಿ9 ಮರೆತರೆ ಬೆಲೆಯ ಮುಂದಿನ ₹ ಬೇರೆ ಫಾಂಟಿನಲ್ಲಿ ಬಂದು ಕೂರುತ್ತದೆ. ಕೆಲವು ಆನ್‌ಲೈನ್ ಪರಿವರ್ತಕಗಳು ಫಾಂಟಿನೊಳಗಿನ ಒತ್ತಕ್ಷರ ಜೋಡಿಸುವ ಕೋಷ್ಟಕವನ್ನೇ ಕಿತ್ತೆಸೆಯುತ್ತವೆ; ಆಗ ‘ದುರ್ಗ’ದಲ್ಲಿ ಅರ್ಕಾವೊತ್ತಿನ ಬದಲು ‘ರ್’ ಒಂಟಿಯಾಗಿ ನಿಲ್ಲುತ್ತದೆ.

ಪುಟದಲ್ಲಿ ನಿಜಕ್ಕೂ ಯಾವ ಫಾಂಟ್ ಬಂದಿದೆ ಎಂಬ ಅನುಮಾನವಿದ್ದರೆ ಎಫ್12, ಎಲಿಮೆಂಟ್ಸ್, ಕಂಪ್ಯೂಟೆಡ್, ಅದರ ತಳದಲ್ಲಿ ‘ರೆಂಡರ್ಡ್ ಫಾಂಟ್ಸ್’ ನೋಡಿ. ನೀವು ಬರೆದದ್ದಲ್ಲ, ಬಂದದ್ದು ಅಲ್ಲಿ ಕಾಣುತ್ತದೆ.

ಪ್ರಶ್ನೆ: ಸಂಘದ ಹಳೆಯ ಸ್ಮರಣ ಸಂಚಿಕೆಯ ಬರಹ ಡಿಟಿಪಿಯವರಿಂದ ತಂದು ಹಾಕಿದರೆ ಇಂಗ್ಲಿಷ್ ಗೀಚಿದಂತೆ ಬರುತ್ತೆ. ಹೊಸದಾಗಿ ಟೈಪ್ ಮಾಡಿ ಉಳಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. — ಹರಿಹರ

ಉತ್ತರ: ಇವು ಎರಡು ಬೇರೆ ಬೇರೆ ರೋಗ. ಒಂದೇ ಮಾತ್ರೆ ನಡೆಯುವುದಿಲ್ಲ.

ಮೊದಲನೆಯದು: ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ವೇಷ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಆಸ್ಕಿಯಿಂದ (ಆ ಹಳೆಯ ಇಂಗ್ಲಿಷ್ ಸಂಕೇತಗಳಿಂದ) ಯೂನಿಕೋಡಿಗೆ ಎಂದು ಹುಡುಕಿದರೆ ಪರಿವರ್ತಕಗಳು ಸಿಗುತ್ತವೆ. ಪರಿವರ್ತನೆಯಾದ ಮೇಲೆ ಮೂರನ್ನು ಕಣ್ಣಿಟ್ಟು ನೋಡಿ: ಅರ್ಕಾವೊತ್ತು ಸರಿಯಾದ ಅಕ್ಷರದ ಮೇಲಿದೆಯೇ, ದೀರ್ಘಗಳು ಉಳಿದಿವೆಯೇ, ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿವೆಯೇ. ಮೂರನೆಯದು ಆಗೇ ಆಗುತ್ತದೆ. ಇಂಗ್ಲಿಷ್ ಪದಗಳನ್ನು ಮೊದಲೇ ಬೇರೆ ಕಡೆ ಬರೆದಿಟ್ಟುಕೊಂಡು ಕೊನೆಗೆ ಸೇರಿಸಿ.

ಎರಡನೆಯದು ಡೇಟಾಬೇಸಿನದು. ಮೈಎಸ್‌ಕ್ಯುಎಲ್ ಕೋಷ್ಟಕ ಯುರೋಪಿನ ಭಾಷೆಗಳಿಗೆಂದು ಮಾಡಿದ ಲ್ಯಾಟಿನ್1 ಸಂಕೇತದಲ್ಲಿದ್ದರೆ ಕನ್ನಡಕ್ಕೆ ಅಲ್ಲಿ ಜಾಗವಿಲ್ಲ, ಪ್ರತಿ ಸಂಕೇತಕ್ಕೂ ಒಂದೊಂದು ? ಇಟ್ಟು ಬಿಡುತ್ತದೆ. ಡೇಟಾಬೇಸ್, ಕೋಷ್ಟಕ, ಅಂಕಣ, ಸಂಪರ್ಕ ನಾಲ್ಕನ್ನೂ ಎಲ್ಲ ಲಿಪಿಗೂ ಜಾಗವಿರುವ ‘ಯುಟಿಎಫ್8ಎಂಬಿ4’ ಮಾಡಿ. ಸಂಪರ್ಕವನ್ನು ಮರೆಯುವವರೇ ಹೆಚ್ಚು. ಒಮ್ಮೆ ? ಆಗಿ ಉಳಿದದ್ದು ಮರಳಿ ಬರುವುದಿಲ್ಲ, ಮತ್ತೆ ಟೈಪ್ ಮಾಡಿಸಬೇಕು. ಅದೇ, ಮೇಲೆ ಗೆರೆ ಚುಕ್ಕಿ ಇರುವ ಫ್ರೆಂಚ್ ಅಕ್ಷರಗಳಂಥ ಕಲಸುಮೇಲೋಗರ ಕಂಡರೆ ಗಾಬರಿ ಬೇಡ: ಒಳಗಿನ ಬೈಟುಗಳು ಬಹುಮಟ್ಟಿಗೆ ಸರಿಯಾಗೇ ಇರುತ್ತವೆ, ಓದುವ ರೀತಿ ತಪ್ಪಿದೆ. ಪುಟದ ತಲೆಯಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂಬ ಮೆಟಾ ಸಾಲು ಮೊದಲ 1024 ಬೈಟುಗಳ ಒಳಗೇ ಇರಬೇಕು. ಖಾಲಿ ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ, ಚುಕ್ಕಿಗಳ ವೃತ್ತ ಕಂಡರೆ ವ್ಯಂಜನವಿಲ್ಲದೆ ಕಾಗುಣಿತದ ಚಿಹ್ನೆ ಕೂತಿದೆ ಅಂತ.

ಎಕ್ಸೆಲ್‌ನಿಂದ ಸದಸ್ಯರ ಪಟ್ಟಿ ತರುವುದಾದರೆ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿ.

ಪ್ರಶ್ನೆ: ನನ್ನ ತಾಣದ ಹುಡುಕು ಪೆಟ್ಟಿಗೆಯಲ್ಲಿ ‘ಕೋಟೆ’ ಎಂದು ಹೊಡೆದರೆ ಕೆಲವು ಲೇಖನ ಮಾತ್ರ ಸಿಗುತ್ತವೆ. ಮಿಕ್ಕವುಗಳಲ್ಲೂ ಅದೇ ಪದ ಕಣ್ಣಿಗೆ ಕಾಣುತ್ತಿದೆ! — ಹೊಳಲ್ಕೆರೆ

ಉತ್ತರ: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ‘ಕೋ’ದ ಓತ್ವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಕೊಂಬು, ದೀರ್ಘ ಎಂದು ಬಿಡಿಬಿಡಿಯಾಗಿಯೂ ಇರಬಹುದು. ಹಳೆಯ ಪರಿವರ್ತಕದಿಂದ ಬಂದ ಬರಹದಲ್ಲಿ ಬಿಡಿ ರೂಪ ಸಿಗುವುದುಂಟು. ಜಾವಾಸ್ಕ್ರಿಪ್ಟಿನ ‘ನಾರ್ಮಲೈಜ್’ ಕ್ರಿಯೆಯನ್ನು ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಒಂದಾಗಿಸುವ) ಬಗೆಯಲ್ಲಿ ಲೇಖನ ಉಳಿಸುವಾಗಲೂ ಹುಡುಕುವಾಗಲೂ ಓಡಿಸಿ. ಹಳೆಯದನ್ನೆಲ್ಲ ಒಮ್ಮೆ ಹಾಯಿಸಿ ಮತ್ತೆ ಉಳಿಸಿ.

ನಿಮ್ಮ ಎರಡನೆಯ ಪ್ರಶ್ನೆ, ಶೀರ್ಷಿಕೆಯನ್ನು 20 ಅಕ್ಷರಕ್ಕೆ ತುಂಡರಿಸಿದರೆ ಕೊನೆಯಲ್ಲಿ ಅರ್ಧ ಅಕ್ಷರ ಉಳಿಯುವುದು ಏಕೆಂದು. ‘ಚಿತ್ರದುರ್ಗ’ ನಮಗೆ ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ 10. ‘ದಾವಣಗೆರೆ’ ಐದು, ಅದರ ಲೆಕ್ಕ 8. ಎಲ್ಲೆಂದರಲ್ಲಿ ಕೊಯ್ದರೆ ‘ಚಿತ್’ ಎಂದು ನಿಲ್ಲುತ್ತದೆ. ಎಣಿಸುವುದನ್ನೇ ಬಿಡಿ, ಸಿಎಸ್‌ಎಸ್‌ನ ‘ಲೈನ್ ಕ್ಲ್ಯಾಂಪ್’ ಬಳಸಿ ಎರಡು ಸಾಲಿಗೆ ನಿಲ್ಲಿಸಿ, ಇಲ್ಲವೇ ಪದಗಳ ನಡುವಿನ ಖಾಲಿ ಜಾಗದಲ್ಲಿ ಮುರಿಯಿರಿ.

ಪ್ರಶ್ನೆ: ಉಚಿತವಾಗಿ ಎಲ್ಲಿ ಇಡುವುದು? ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಸೈಟು ಏರಿಸಿದ ಮೇಲೆ ಅರ್ಧ ಚಿತ್ರ ಕಾಣುತ್ತಿಲ್ಲ. ಡೊಮೈನ್ ಬದಲಿಸಿದ ದಿನದಿಂದ ಅಂಗಡಿಯ ಇಮೇಲೂ ನಿಂತಿದೆ. — ದಾವಣಗೆರೆ, ಹಿರಿಯೂರಿನ ಇಬ್ಬರು

ಉತ್ತರ: ಡೇಟಾಬೇಸ್ ಬೇಡದ ತಾಣವಾದರೆ ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್. ಗಿಟ್‌ಹಬ್‌ನಲ್ಲಿ ತಾಣದ ಗಾತ್ರಕ್ಕೆ 1 ಜಿಬಿ ಮಿತಿ. ಉಚಿತ ಖಾತೆಯಲ್ಲಿ ಕೋಡ್ ಎಲ್ಲರಿಗೂ ತೆರೆದಿರಬೇಕು. ಅಲ್ಲಿ ಆನ್‌ಲೈನ್ ವ್ಯಾಪಾರದ ತಾಣ ನಡೆಸುವುದಕ್ಕೆ ಅವರ ನಿಯಮ ಒಪ್ಪುವುದಿಲ್ಲ, ಆದ್ದರಿಂದ ಅಂಗಡಿಯವರು ಕ್ಲೌಡ್‌ಫ್ಲೇರ್ ನೋಡಿ. ಅಲ್ಲಿ ಒಂದು ಕಡತ 25 ಎಂಬಿ ಮೀರಬಾರದು. ವಿಡಿಯೊ ಇದ್ದರೆ ಯೂಟ್ಯೂಬಿಗೆ ಹಾಕಿ ಕೊಂಡಿ ಕೊಡಿ.

ಚಿತ್ರ ಕಾಣೆಯಾದದ್ದು ಹೆಸರಿನ ತಕರಾರು. ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ವಿಂಡೋಸ್ ಒಂದೇ ಎಂದು ಬಗೆಯುತ್ತದೆ, ಲಿನಕ್ಸ್ ಸರ್ವರ್ ಹಾಗಲ್ಲ. ಕ್ಯಾಮೆರಾ ಕೊಟ್ಟ ಹೆಸರಿನ ಬಾಲದ ಜೆಪಿಜಿ ದೊಡ್ಡಕ್ಷರದಲ್ಲಿದ್ದು ನೀವು ಕೋಡಿನಲ್ಲಿ ಸಣ್ಣಕ್ಷರ ಬರೆದಿದ್ದರೆ ಅಲ್ಲಿಗೆ ಅದು ಬೇರೆ ಕಡತ. ಎಲ್ಲ ಹೆಸರೂ ಸಣ್ಣಕ್ಷರ, ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ: ಇದನ್ನು ಮೊದಲ ದಿನದಿಂದ ಪಾಲಿಸಿ.

ಇಮೇಲ್ ನಿಂತದ್ದಕ್ಕೆ ಕಾರಣ ನೇಮ್‌ಸರ್ವರ್, ಅಂದರೆ ನಿಮ್ಮ ಡೊಮೈನಿನ ವಿಳಾಸಪಟ್ಟಿ ಇಟ್ಟುಕೊಂಡಿರುವ ಸರ್ವರ್. ಅದನ್ನು ಬದಲಿಸಿದರೆ ಹಳೆಯ ಡಿಎನ್‌ಎಸ್ ದಾಖಲೆಗಳೆಲ್ಲ, ಅಂದರೆ ಆ ಪಟ್ಟಿಯ ಸಾಲುಗಳೆಲ್ಲ, ಹಿಂದೆಯೇ ಉಳಿಯುತ್ತವೆ. ತಾಣದ ವಿಳಾಸ ಹೇಳುವ ಎ ದಾಖಲೆ ಹಾಕಿದಿರಿ, ಅಂಚೆಯ ಎಂಎಕ್ಸ್ ದಾಖಲೆ ಬಿಟ್ಟಿರಿ. ಹಳೆಯ ಕಡೆ ಲಾಗಿನ್ ಆಗಿ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಸಾಲುಗಳನ್ನು ಅಕ್ಷರ ಬಿಡದೆ ಹೊಸ ಕಡೆಗೆ ನಕಲಿಸಿ. ಮುಂದಿನ ಸಲ ಬದಲಿಸುವಾಗ ಹಿಂದಿನ ದಿನವೇ ಹಳೆಯ ಪಟ್ಟಿಯ ಫೋಟೊ ಹಿಡಿದುಕೊಳ್ಳಿ. ಬರೀ ಎ ದಾಖಲೆಯ ವಿಳಾಸ ಬದಲಿಸುವುದಾದರೆ ಅದರ ಟಿಟಿಎಲ್ ಅನ್ನು (ಹಳೆಯ ವಿಳಾಸವನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು) ಮುಂಚೆಯೇ 300 ಸೆಕೆಂಡಿಗೆ ಇಳಿಸಿ. ಆಗ ತಪ್ಪಾದರೂ ಐದು ನಿಮಿಷದಲ್ಲಿ ಸರಿ ಮಾಡಬಹುದು. ಡೊಮೈನ್ ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿಯನ್ನಲ್ಲ, ನವೀಕರಣದ ದರವನ್ನು ಓದಿ. ಖಾತೆ ಅಂಗಡಿ ಮಾಲೀಕರ ಹೆಸರಿನಲ್ಲೇ ಇರಲಿ, ಡಿಸೈನರ್ ಹೆಸರಿನಲ್ಲಿ ಬೇಡ. ಡಿಸೈನರ್‌ಗಳೇ, ನಿಮ್ಮ ಮೇಲಿನ ಅಪನಂಬಿಕೆಯಿಂದ ಹೇಳುತ್ತಿಲ್ಲ. ನಾಲ್ಕು ವರ್ಷದ ನಂತರ ನಡುರಾತ್ರಿ ಫೋನ್ ಬರುವುದು ನಿಮಗೇ.

ಪ್ರಶ್ನೆ: ನನ್ನದು 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್. ಯಾವ ಸಾಫ್ಟ್‌ವೇರ್ ಸಾಕು? ಫೋನಿನಲ್ಲಿ ಪರೀಕ್ಷಿಸುವುದು ಹೇಗೆ? — ಚನ್ನಗಿರಿ

ಉತ್ತರ: ಕೋಡ್ ಬರೆಯಲು ವಿಎಸ್ ಕೋಡ್ ಹಾಕಿಕೊಳ್ಳಿ, ಎಕ್ಸ್‌ಟೆನ್ಷನ್ ಎರಡೇ: ಬರೆದ ಪುಟವನ್ನು ಬ್ರೌಸರಿನಲ್ಲಿ ತೋರಿಸುವ ಲೈವ್ ಸರ್ವರ್, ಕೋಡನ್ನು ಓರಣವಾಗಿಸುವ ಪ್ರಿಟಿಯರ್. ಇಪ್ಪತ್ತು ತುಂಬಿಸಿದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಫೋಟೊಶಾಪಿನ ಪಿಎಸ್‌ಡಿ ಕಡತ ತೆರೆಯಲು ಬ್ರೌಸರಿನಲ್ಲೇ ಫೋಟೊಪೀ, ಲೋಗೊಗೆ ಇಂಕ್‌ಸ್ಕೇಪ್.

ಫೋನಿನ ಪರೀಕ್ಷೆಗೆ ಫೋನು, ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈನಲ್ಲಿರಲಿ. ಲೈವ್ ಸರ್ವರ್ ಓಡಿಸಿ, ವಿಂಡೋಸ್‌ನ ಕಮಾಂಡ್ ಪರದೆಯಲ್ಲಿ ‘ಐಪಿಕಾನ್‌ಫಿಗ್’ ಹೊಡೆದರೆ 192.168ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಫೋನಿನ ಬ್ರೌಸರಿನಲ್ಲಿ ಆ ವಿಳಾಸ, ಒಂದು ವಿಸರ್ಗದ ಚಿಹ್ನೆಯಂತೆ ಎರಡು ಚುಕ್ಕಿ (:), 5500 ಎಂದು ಬರೆಯಿರಿ. ತೆರೆಯದಿದ್ದರೆ ತಡೆ ಸಾಮಾನ್ಯವಾಗಿ ವಿಂಡೋಸ್ ಫೈರ್‌ವಾಲಿನದು. ವೈಫೈಯನ್ನು ‘ಪ್ರೈವೇಟ್’ ಎಂದು ಗುರುತಿಸಿ ವಿಎಸ್ ಕೋಡ್‌ಗೆ ಅನುಮತಿ ಕೊಡಿ. ದೋಷ ಹುಡುಕಬೇಕಾದರೆ ಆಂಡ್ರಾಯ್ಡ್ ಫೋನಿನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು, ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಜೋಡಿಸಿ, ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ ತೆರೆಯಿರಿ. ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಆಗುವ ಅಗ್ಗದ ಕೇಬಲ್‌ನಲ್ಲಿ ಡೇಟಾ ಹಾಯುವುದಿಲ್ಲ.

ಪ್ರಶ್ನೆ: ತೆಂಗಿನಕಾಯಿ ಆರ್ಡರ್ ವಾಟ್ಸಾಪಿಗೆ ಬರುವಂತೆ ಗುಂಡಿ ಇಡಬೇಕು. ಕನ್ನಡ ಸಂದೇಶ ಅರ್ಧಕ್ಕೇ ನಿಲ್ಲುತ್ತೆ. — ಹೊಸದುರ್ಗ

ಉತ್ತರ: ಕೊಂಡಿಯಲ್ಲಿ ನಂಬರಿನ ಮೊದಲು 91 ಇರಲಿ, ಕೂಡು ಚಿಹ್ನೆ, ಸೊನ್ನೆ, ನಡುವಿನ ಗೆರೆ ಯಾವುದೂ ಬೇಡ. ಸಂದೇಶವನ್ನು ಜಾವಾಸ್ಕ್ರಿಪ್ಟಿನ ‘ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್’ ಕ್ರಿಯೆಯಿಂದ ಹಾಯಿಸದೆ ಅಂಟಿಸಿದರೆ ಅದರೊಳಗಿನ & ಚಿಹ್ನೆ ಬಂದಲ್ಲಿಗೆ ಮಾತು ಮುಗಿಯಿತೆಂದು ವಾಟ್ಸಾಪ್ ತಿಳಿಯುತ್ತದೆ. ಹಾಯಿಸಿದ ಮೇಲೆ ಕನ್ನಡದ ಒಂದೊಂದು ಸಂಕೇತ ಒಂಬತ್ತು ಅಕ್ಷರಗಳಷ್ಟು ಉದ್ದವಾಗುತ್ತದೆ, ಆದ್ದರಿಂದ ಸಂದೇಶ ಒಂದೆರಡು ಸಾಲಿರಲಿ.

ಪ್ರಶ್ನೆ: ಲೀಫ್ಲೆಟ್ ನಕಾಶೆಯಲ್ಲಿ ಕೋಟೆಯ ಗುರುತು ಇಟ್ಟರೆ ಸಮುದ್ರದ ನಡುವೆ ಹೋಗಿ ಬೀಳುತ್ತಿದೆ. — ಪ್ರವಾಸಿ ಮಾರ್ಗದರ್ಶಕರು, ಚಿತ್ರದುರ್ಗ

ಉತ್ತರ: ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಚಿತ್ರದುರ್ಗ ಸುಮಾರು ಉತ್ತರ 14.23, ಪೂರ್ವ 76.40. ತಿರುಗಿಸಿ ಬರೆದರೆ ನಾರ್ವೆಯ ಸ್ವಾಲ್ಬಾರ್ಡ್ ಪಕ್ಕದ ಹಿಮದ ಕಡಲು ಸಿಗುತ್ತದೆ. ಲೀಫ್ಲೆಟ್ ಕೇಳುವುದು ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಸ್ಥಳಗಳ ಮಾಹಿತಿ ತುಂಬುವ ಜಿಯೊಜೇಸನ್ ಕಡತದಲ್ಲಿ ಇದು ತಿರುವುಮುರುವು. ಎರಡನ್ನೂ ಬಳಸುವವರು ಒಮ್ಮೆಯಾದರೂ ಎಡವುತ್ತಾರೆ. ಎರಡು ದಶಾಂಶ ಸ್ಥಾನ ಮಾತ್ರ ಬರೆದರೆ ಒಂದು ಕಿಲೊಮೀಟರ್ ಆಚೀಚೆ ಆಗುತ್ತದೆ, ಒನಕೆ ಓಬವ್ವನ ಕಿಂಡಿ ತೋರಿಸಲು ಅದು ಸಾಲದು. ಐದು ಸ್ಥಾನ ಬರೆಯಿರಿ, ಒಂದು ಮೀಟರಿನಷ್ಟು ನಿಖರತೆ ಸಿಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆ ಬಳಸಿದರೆ ಮೂಲೆಯಲ್ಲಿ ಅವರ ಹೆಸರು ಇರಲೇಬೇಕು. ವಿನ್ಯಾಸಕ್ಕೆ ಅಡ್ಡಿಯೆಂದು ಅದನ್ನು ಅಳಿಸಬೇಡಿ. ವಿಕಿಮೀಡಿಯ ಕಾಮನ್ಸ್‌ನಿಂದ ಕೋಟೆಯ ಫೋಟೊ ತಂದರೂ ಪರವಾನಗಿ ಓದಿ, ಅದು ಕೇಳಿದ್ದರೆ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ಚಿತ್ರದ ಕೆಳಗೇ ಬರೆಯಿರಿ.